ಮನೆಯ ಐಸ್‌ಕ್ರೀಮ್ ಕಲ್ಲಾಗುವುದೇಕೆ, ಫ್ರೋಜನ್ ಯೋಗರ್ಟ್ ರವೆರವೆಯಾಗುವುದೇಕೆ?

ಪ್ರಶ್ನೆ: ಮನೆಯಲ್ಲಿ ಸ್ಟ್ರಾಬೆರಿ ಐಸ್‌ಕ್ರೀಮ್ ಮಾಡಿದೆ. ಕೊಬ್ಬು ಕಡಿಮೆ ಇರುವ ಹಾಲು ಒಂದು ಲೀಟರ್, ಸಕ್ಕರೆ 80 ಗ್ರಾಂ, ಮಿಕ್ಸಿಯಲ್ಲಿ ರುಬ್ಬಿದ ಹಣ್ಣು 300 ಗ್ರಾಂ. ಎಲ್ಲವನ್ನೂ ಬೆರೆಸಿ ಡಬ್ಬಿಗೆ ಸುರಿದು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟೆ. ಬೆಳಿಗ್ಗೆ ಚಮಚ ಇಳಿಯಲಿಲ್ಲ, ಕೆರೆದು ತಿಂದರೆ ಬಾಯಿತುಂಬ ಐಸ್ ಚೂರು. ಅರ್ಧ ಕಿಲೋ ಮೊಸರಿಗೆ 50 ಗ್ರಾಂ ಜೇನು ಬೆರೆಸಿ ಫ್ರೋಜನ್ ಯೋಗರ್ಟ್ ಮಾಡಿದೆ, ಅದು ಇನ್ನೂ ಗಟ್ಟಿ. ಮತ್ತೊಮ್ಮೆ ಸಕ್ಕರೆ ಕರಗಲೆಂದು ಮೊಸರನ್ನು ಬಿಸಿ ಮಾಡಿದಾಗ ಒಡೆದು ರವೆರವೆಯಾಯಿತು. ಸಕ್ಕರೆ ಹೆಚ್ಚಿಸಲು ಇಷ್ಟವಿಲ್ಲ. ಐಸ್‌ಕ್ರೀಮ್ ಮೆಷಿನ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಈ ಅಳತೆ ಇಟ್ಟುಕೊಂಡರೆ ಎಂಥ ಮೆಷಿನ್ ತಂದರೂ ಸರಿಹೋಗುವುದಿಲ್ಲ. ಅಳತೆ ಸರಿಯಿದ್ದರೆ ಮೆಷಿನ್ ಇಲ್ಲದೆಯೂ ಒಳ್ಳೆಯ ಐಸ್‌ಕ್ರೀಮ್ ಮಾಡಬಹುದು. ಹಾಗಾಗಿ ಮೊದಲು ಅಳತೆಯನ್ನೇ ನೋಡೋಣ.

ನಿಮ್ಮ ಮಿಶ್ರಣದ ಒಟ್ಟು ತೂಕ ಸುಮಾರು 1,400 ಗ್ರಾಂ. ಕೊಬ್ಬು ಕಡಿಮೆ ಇರುವ ಹಾಲಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು, ಸ್ಟ್ರಾಬೆರಿಯಲ್ಲೂ ಅಷ್ಟೇ. ಕೂಡಿಸಿದರೆ ನಿಮ್ಮ ಡಬ್ಬಿಯಲ್ಲಿದ್ದದ್ದು ಶೇ. 85ರಷ್ಟು ನೀರು, ಶೇ. 1ರಷ್ಟು ಕೊಬ್ಬು. ಹಣ್ಣಿನ ಸಕ್ಕರೆಯನ್ನು ಸೇರಿಸಿದರೂ ಸಿಹಿಯ ಪಾಲು ಶೇ. 7 ಮುಟ್ಟುವುದಿಲ್ಲ. ಒಳ್ಳೆಯ ಐಸ್‌ಕ್ರೀಮಿನಲ್ಲಿ ನೀರು ಶೇ. 60ರಿಂದ 65, ಕೊಬ್ಬು ಶೇ. 10ರಿಂದ 14, ಸಕ್ಕರೆ ಶೇ. 15ರಿಂದ 18, ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ ಶೇ. 9ರಿಂದ 10 ಇರುತ್ತದೆ. ನೀವು ಮಾಡಿದ್ದು ಹಾಲಿನ ರುಚಿಯ ಐಸ್‌ಗಡ್ಡೆ. ತಪ್ಪು ನಿಮ್ಮ ಕೈಯಲ್ಲಿರಲಿಲ್ಲ, ಅಳತೆಯಲ್ಲಿತ್ತು.

ಇಲ್ಲಿ ಸಕ್ಕರೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯಲ್ಲಿ ಕೆಡುವ ಐಸ್‌ಕ್ರೀಮಿನಲ್ಲಿ ಬಹುಪಾಲು ಕೆಡುವುದು ಇಲ್ಲೇ. ಐಸ್‌ಕ್ರೀಮಿನಲ್ಲಿ ಸಕ್ಕರೆಯ ಮೊದಲ ಕೆಲಸ ಸಿಹಿ ಕೊಡುವುದಲ್ಲ, ನೀರು ಪೂರ್ತಿ ಹೆಪ್ಪುಗಟ್ಟದಂತೆ ತಡೆಯುವುದು. ಬರೀ ನೀರು 0 ಡಿಗ್ರಿಗೆ ಹೆಪ್ಪುಗಟ್ಟಿದರೆ, ಐಸ್‌ಕ್ರೀಮ್ ಮಿಶ್ರಣ ಹೆಪ್ಪುಗಟ್ಟಲು ಶುರುವಾಗುವುದು ಮೈನಸ್ 2.5ರಿಂದ 3 ಡಿಗ್ರಿಯ ಆಸುಪಾಸಿನಲ್ಲಿ. ಸ್ವಲ್ಪ ನೀರು ಐಸ್ ಆದಂತೆಲ್ಲ ಉಳಿದ ನೀರಿನಲ್ಲಿ ಸಕ್ಕರೆ ಮಂದವಾಗುತ್ತ ಹೋಗುತ್ತದೆ, ಅದು ಹೆಪ್ಪುಗಟ್ಟಲು ಇನ್ನೂ ಹೆಚ್ಚು ತಣಿಯಬೇಕಾಗುತ್ತದೆ. ಹೀಗಾಗಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲೂ ಸರಿಯಾದ ಐಸ್‌ಕ್ರೀಮಿನ ನೀರಿನಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಐಸ್ ಆಗಿರುತ್ತದೆ. ಉಳಿದ ಕಾಲು ಪಾಲು ದಪ್ಪ ಪಾಕವಾಗಿ ಹರಳುಗಳ ನಡುವೆ ನಿಂತಿರುತ್ತದೆ. ಚಮಚ ಇಳಿಯುವುದು ಆ ಪಾಕದ ದೆಸೆಯಿಂದ. ನಿಮ್ಮ ಮಿಶ್ರಣದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು ಐಸ್ ಆಗಿತ್ತು. ಚಮಚ ಇಳಿಯಲು ಅಲ್ಲಿ ಜಾಗವೇ ಇರಲಿಲ್ಲ.

ಸಕ್ಕರೆ ಕಡಿಮೆ ತಿನ್ನಬೇಕೆಂಬ ನಿಮ್ಮ ಆಸೆ ಸರಿಯಾದದ್ದೇ. ಅದಕ್ಕೆ ಬಟ್ಟಲನ್ನು ಚಿಕ್ಕದು ಮಾಡಿ, ಮಿಶ್ರಣದ ಸಕ್ಕರೆಗೆ ಕತ್ತರಿ ಹಾಕಬೇಡಿ. ಸ್ಟೀವಿಯಾ, ಸುಕ್ರಲೋಸ್‌ನಂಥ ತೀಕ್ಷ್ಣ ಸಿಹಿಕಾರಕಗಳನ್ನು ಚಿಟಿಕೆಯಷ್ಟೇ ಹಾಕುವುದರಿಂದ ಅವು ನೀರು ಹೆಪ್ಪುಗಟ್ಟುವುದನ್ನು ತಡೆಯಲಾರವು. ನಾಲಿಗೆಗೆ ಸಿಹಿ ಸಿಗುತ್ತದೆ, ಡಬ್ಬಿ ಕಲ್ಲಾಗಿಯೇ ಉಳಿಯುತ್ತದೆ. ಬೇರೊಂದು ದಾರಿಯಿದೆ: ಸಕ್ಕರೆಯ ಒಂದು ಪಾಲನ್ನು ಡೆಕ್ಸ್ಟ್ರೋಸ್ ಪುಡಿಗೆ, ಅಂದರೆ ಗ್ಲೂಕೋಸ್‌ಗೆ, ಬದಲಿಸುವುದು. ಹೆಪ್ಪುಗಟ್ಟುವ ಉಷ್ಣತೆ ಎಷ್ಟು ಇಳಿಯುತ್ತದೆ ಎಂಬುದು ಕರಗಿದ ಅಣುಗಳ ಎಣಿಕೆಯ ಮೇಲೆ ನಿಲ್ಲುತ್ತದೆ. ಗ್ಲೂಕೋಸ್ ಅಣುವಿನ ತೂಕ ಸಕ್ಕರೆ ಅಣುವಿನ ಅರ್ಧದಷ್ಟಿದೆ. ಅದೇ ತೂಕಕ್ಕೆ ಹೆಚ್ಚುಕಡಿಮೆ ಎರಡರಷ್ಟು ಅಣುಗಳು ಸಿಗುವುದರಿಂದ ಮೆದುಮಾಡುವ ಶಕ್ತಿಯೂ ಸುಮಾರು 1.9 ಪಟ್ಟು. ಸಿಹಿ ಮಾತ್ರ ಸಕ್ಕರೆಯ ಮುಕ್ಕಾಲಿನಷ್ಟು. ಅಂದರೆ ಸಿಹಿ ತಗ್ಗುತ್ತದೆ, ಮೆದುತನ ಹೆಚ್ಚುತ್ತದೆ. ಒಟ್ಟು ಸಕ್ಕರೆಯ ಐದನೇ ಒಂದರಿಂದ ಕಾಲು ಪಾಲಿನಷ್ಟು ಬದಲಿಸಿದರೆ ಸಾಕು. ಅತಿಯಾದರೆ ಐಸ್‌ಕ್ರೀಮ್ ಗಟ್ಟಿಯಾಗದೆ ಬಟ್ಟಲಿನಲ್ಲೇ ಹರಿಯುತ್ತದೆ. ಜೇನಿಗೂ ಇಂಥದೇ ಶಕ್ತಿಯಿದೆ. ನಿಮ್ಮ ಮೊಸರಿನಲ್ಲಿ ಜೇನು ಸೋತದ್ದು ಅದು ಅರ್ಧ ಕಿಲೋಗೆ 50 ಗ್ರಾಂ ಮಾತ್ರ ಇದ್ದದ್ದರಿಂದ.

ಇನ್ನೊಂದು ಮಾತು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂಕಾಗಿ ತಿಳಿಯುತ್ತದೆ. ಮಿಶ್ರಣವನ್ನು ಹೆಪ್ಪುಗಟ್ಟಿಸುವ ಮೊದಲು ರುಚಿ ನೋಡಿದಾಗ ಒಂದಿಷ್ಟು ಸಿಹಿ ಹೆಚ್ಚಾಯಿತು ಅನ್ನಿಸಬೇಕು. ಹಾಗನ್ನಿಸಿದರೆ ಹದ ಸರಿಯಿದೆ.

ಈಗ ಅಳತೆ. ಎಲ್ಲವನ್ನೂ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ. ಕಪ್ಪಿನ ಅಳತೆಯಲ್ಲಿ ಸಕ್ಕರೆ 20 ಗ್ರಾಂ ಹೆಚ್ಚುಕಡಿಮೆಯಾಗುವುದು ಸಾಮಾನ್ಯ, ಇಲ್ಲಿ ಅಷ್ಟು ವ್ಯತ್ಯಾಸವೂ ಹದ ಕೆಡಿಸುತ್ತದೆ. ಮೊಟ್ಟೆಯಿಲ್ಲದ ಮೂಲ ಮಿಶ್ರಣಕ್ಕೆ: ಕೆನೆಭರಿತ ಹಾಲು 500 ಗ್ರಾಂ, ಶೇ. 35 ಕೊಬ್ಬಿನ ಕ್ರೀಮ್ 250 ಗ್ರಾಂ, ಸಕ್ಕರೆ 125 ಗ್ರಾಂ, ಡೆಕ್ಸ್ಟ್ರೋಸ್ 30 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 35 ಗ್ರಾಂ, ಕಾರ್ನ್‌ಫ್ಲೋರ್ 10 ಗ್ರಾಂ, ಒಂದು ಚಿಟಿಕೆ ಉಪ್ಪು. ಸಿಗುವ ಕ್ರೀಮಿನಲ್ಲಿ ಕೊಬ್ಬು ಶೇ. 25 ಮಾತ್ರ ಇದ್ದರೆ ಕ್ರೀಮ್ 350, ಹಾಲು 400 ಗ್ರಾಂ ತೆಗೆದುಕೊಳ್ಳಿ. ಎರಡು ರೀತಿಯಲ್ಲೂ ಕೊಬ್ಬು ಶೇ. 11ರ ಹತ್ತಿರ ಬಂದು ನಿಲ್ಲುತ್ತದೆ, ನೀರು ಶೇ. 62ರ ಆಸುಪಾಸು. ಡೆಕ್ಸ್ಟ್ರೋಸ್ ಸಿಗದಿದ್ದರೆ ಅದರ ಬದಲು 35 ಗ್ರಾಂ ಜೇನು ಆಗುತ್ತದೆ, ಜೇನಿನ ವಾಸನೆ ಒಪ್ಪುವುದಾದರೆ.

ಹಾಲಿನ ಪುಡಿಯಲ್ಲಿರುವ ಪ್ರೋಟೀನು ನೀರನ್ನು ಹಿಡಿದಿಡುತ್ತದೆ, ಗಾಳಿಗುಳ್ಳೆಗಳಿಗೆ ಗೋಡೆಯಾಗುತ್ತದೆ. ಒಳ್ಳೆಯದೆಂದು 80 ಗ್ರಾಂ ಸುರಿಯಬೇಡಿ. ಪುಡಿಯ ಅರ್ಧದಷ್ಟು ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ. ಅದು ಹೆಚ್ಚಾದರೆ ಕೆಲವು ದಿನಗಳಲ್ಲಿ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಐಸ್ ಹರಳಿಗೂ ಲ್ಯಾಕ್ಟೋಸ್ ಹರಳಿಗೂ ವ್ಯತ್ಯಾಸ ತಿಳಿಯುವುದು ಸುಲಭ: ಐಸ್ ನಾಲಿಗೆಯ ಮೇಲೆ ತಕ್ಷಣ ಕರಗುತ್ತದೆ, ಲ್ಯಾಕ್ಟೋಸ್ ಮರಳು ಕರಗದೆ ಉಳಿಯುತ್ತದೆ.

ಮಾಡುವ ಕ್ರಮ ಹೀಗೆ. ಸಕ್ಕರೆ, ಡೆಕ್ಸ್ಟ್ರೋಸ್, ಹಾಲಿನ ಪುಡಿ ಮೂರನ್ನೂ ಒಣಗಿರುವಾಗಲೇ ಬೆರೆಸಿಕೊಳ್ಳಿ, ಆಗ ಪುಡಿ ಗಂಟು ಕಟ್ಟುವುದಿಲ್ಲ. ಅರ್ಧ ಲೋಟ ತಣ್ಣನೆಯ ಹಾಲಿನಲ್ಲಿ ಕಾರ್ನ್‌ಫ್ಲೋರ್ ಕದಡಿ ಪಕ್ಕಕ್ಕಿಡಿ. ಉಳಿದ ಹಾಲಿಗೆ ಒಣ ಮಿಶ್ರಣ ಸೇರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಮಧ್ಯಮ ಉರಿಯಲ್ಲಿ ಕುದಿ ಬರಿಸಿ. ಕದಡಿದ ಕಾರ್ನ್‌ಫ್ಲೋರನ್ನು ಸುರಿದು ಒಂದು ನಿಮಿಷ ಪೂರ್ತಿ ಕುದಿಸಿ. ಕಡಿಮೆ ಕುದಿದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಇಳಿಸಿ, ಕ್ರೀಮ್ ಮತ್ತು ಉಪ್ಪು ಬೆರೆಸಿ, ಸೋಸಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಬಿಸಿಯಿರುವಾಗಲೇ ಒಂದು ನಿಮಿಷ ಆಡಿಸಿ, ಕೊಬ್ಬು ಸಣ್ಣ ಹನಿಗಳಾಗಿ ಹಂಚಿಕೊಳ್ಳುತ್ತದೆ. ಮೊಟ್ಟೆ ತಿನ್ನುವವರು ಕಾರ್ನ್‌ಫ್ಲೋರ್ ಬಿಟ್ಟು ನಾಲ್ಕು ಹಳದಿ ಹಾಕಬಹುದು. ಹಳದಿಯನ್ನು ಸ್ವಲ್ಪ ಸಕ್ಕರೆಯೊಂದಿಗೆ ಕದಡಿ, ಬಿಸಿ ಹಾಲನ್ನು ಸೌಟು ಸೌಟಾಗಿ ಸೇರಿಸಿ, ಮತ್ತೆ ಮಂದ ಉರಿಯಲ್ಲಿ 82 ಡಿಗ್ರಿವರೆಗೆ ಬಿಸಿ ಮಾಡಬೇಕು. 85 ದಾಟಿದರೆ ಹಳದಿ ಬೆಂದು ಚೂರುಚೂರಾಗುತ್ತದೆ. ಹಸಿ ಮೊಟ್ಟೆಯನ್ನು ಹಾಗೇ ಹಾಕಲೇಬೇಡಿ, ಫ್ರೀಜರ್‌ನ ತಂಪು ಸಾಲ್ಮೊನೆಲ್ಲಾ ಎಂಬ ರೋಗಾಣುವನ್ನು ಕೊಲ್ಲುವುದಿಲ್ಲ.

ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗ ಆರಿಸಿ, ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಿ. ಬಹಳ ಮಂದಿ ಈ ಹಂತವನ್ನು ಹಾರಿಸಿಬಿಡುತ್ತಾರೆ. ಈ ಗಂಟೆಗಳಲ್ಲಿ ಪ್ರೋಟೀನು ನೀರು ಕುಡಿದು ಉಬ್ಬುತ್ತದೆ, ಕೊಬ್ಬಿನ ಹನಿಗಳು ಒಳಗೇ ಗಟ್ಟಿಯಾಗುತ್ತವೆ. ಗಟ್ಟಿಯಾದ ಹನಿಗಳು ಒಂದಕ್ಕೊಂದು ಅಂಟಿಕೊಂಡರೇನೇ ಗಾಳಿ ಒಳಗೆ ನಿಲ್ಲುವುದು. ವೆನಿಲಾ ಎಸೆನ್ಸ್ ಆರಿದ ಮೇಲೆ ಹಾಕಿ, ಬಿಸಿಗೆ ಹಾಕಿದರೆ ಪರಿಮಳ ಹಾರಿಹೋಗುತ್ತದೆ.

ಸ್ಟ್ರಾಬೆರಿಯನ್ನು ಹಸಿಯಾಗಿ ರುಬ್ಬಿ ಹಾಕಿದರೆ ತಿರುಗಿ ನೀರನ್ನೇ ಸುರಿದಂತೆ. 300 ಗ್ರಾಂ ಹಣ್ಣಿಗೆ 40 ಗ್ರಾಂ ಸಕ್ಕರೆ ಬೆರೆಸಿ, ಅಗಲ ಬಾಣಲೆಯಲ್ಲಿ ಸುಮಾರು 180 ಗ್ರಾಂ ಉಳಿಯುವವರೆಗೆ ಬತ್ತಿಸಿ, ಪೂರ್ತಿ ತಣ್ಣಗಾದ ಮೇಲೆ ರುಬ್ಬಿ ತಣ್ಣನೆಯ ಮಿಶ್ರಣಕ್ಕೆ ಸೇರಿಸಿ. ಬಿಸಿ ಹಾಲಿಗೆ ಹುಳಿ ಹಣ್ಣು ಬಿದ್ದರೆ ಹಾಲು ಒಡೆಯುತ್ತದೆ. ಕಿವಿ, ಅನಾನಸ್, ಪಪ್ಪಾಯಿಗಳನ್ನು ಬೇಯಿಸದೆ ಹಾಕಬೇಡಿ. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತವೆ. ಬೇಯಿಸಿದರೆ ಆ ಕಿಣ್ವಗಳು ಸತ್ತುಹೋಗುತ್ತವೆ. ಹಣ್ಣಿನ ತುಂಡು ಬೇಕೆಂದರೆ ಮೊದಲು ದಪ್ಪ ಸಕ್ಕರೆ ಪಾಕದಲ್ಲಿ ಕೆಲವು ಗಂಟೆ ನೆನೆಸಿಡಿ, ಇಲ್ಲದಿದ್ದರೆ ಒಂದೊಂದು ತುಂಡೂ ಐಸ್‌ಕಲ್ಲು.

ಇನ್ನು ಹೆಪ್ಪುಗಟ್ಟಿಸುವುದು. ನೀರು ನಿಧಾನವಾಗಿ ತಣಿದರೆ ಕೆಲವೇ ಹರಳುಗಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ, ಬೇಗ ತಣಿದರೆ ಲಕ್ಷಾಂತರ ಹರಳುಗಳು ಹುಟ್ಟಿ ಎಲ್ಲವೂ ಸಣ್ಣದಾಗಿಯೇ ಉಳಿಯುತ್ತವೆ. ಹರಳಿನ ಗಾತ್ರ ಸುಮಾರು 50 ಮೈಕ್ರಾನ್ ದಾಟಿದರೆ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಮೀರಿದರೆ, ನಾಲಿಗೆಗೆ ತರಿತರಿ ಗೊತ್ತಾಗುತ್ತದೆ. ಆಳ ಡಬ್ಬಿಯಲ್ಲಿ ಅಲುಗಿಸದೆ ಇಟ್ಟ ನಿಮ್ಮ ಮಿಶ್ರಣ ಇಡೀ ರಾತ್ರಿ ಒಂದೊಂದೇ ಪದರವಾಗಿ ಹೆಪ್ಪುಗಟ್ಟಿದೆ. ಮೆಷಿನ್ ಮಾಡುವ ಕೆಲಸ ಎರಡೇ. ತಣ್ಣನೆಯ ಗೋಡೆಗೆ ಹತ್ತಿದ ಹರಳನ್ನು ಕೂಡಲೇ ಕೆರೆದು ನಡುವಿಗೆ ತಳ್ಳುವುದು ಒಂದು, ಗಾಳಿ ಸೇರಿಸುವುದು ಇನ್ನೊಂದು.

ಮೆಷಿನ್ ಇಲ್ಲದೆ ಮಾಡುವ ಹಲವು ದಾರಿಗಳಲ್ಲಿ ಐಸು–ಉಪ್ಪಿನ ದಾರಿಯೇ ಮನೆಗೆ ಎಲ್ಲಕ್ಕಿಂತ ಚೆನ್ನ. ಜಜ್ಜಿದ ಐಸ್ ಮೂರು ಪಾಲಿಗೆ ಹರಳುಪ್ಪು ಒಂದು ಪಾಲು, ತೂಕದ ಲೆಕ್ಕದಲ್ಲಿ. ಉಪ್ಪು ಐಸನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಐಸ್ ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಈ ಮಿಶ್ರಣ ಮೈನಸ್ 21 ಡಿಗ್ರಿಯವರೆಗೆ ಇಳಿಯಬಲ್ಲದು, ಅಡುಗೆಮನೆಯಲ್ಲಿ ಮೈನಸ್ 10ರಿಂದ 15 ಸಿಕ್ಕರೂ ಸಾಕು. ಬಕೆಟ್ಟಿನಲ್ಲಿ ಐಸು, ಉಪ್ಪು ಪದರ ಪದರವಾಗಿ ತುಂಬಿ, ನಡುವೆ ತೆಳು ಸ್ಟೀಲ್ ಪಾತ್ರೆ ಹೂತು, ಫ್ರಿಜ್‌ನಿಂದ ತೆಗೆದ ಮಿಶ್ರಣವನ್ನು ಅದರ ಅರ್ಧದಷ್ಟು ತುಂಬಿ. ಮರದ ಚಪ್ಪಟೆ ಸೌಟಿನಿಂದ ಗೋಡೆ, ತಳ ಎರಡನ್ನೂ ಬಿಡದೆ ಕೆರೆಯುತ್ತಿರಿ. 25ರಿಂದ 30 ನಿಮಿಷದಲ್ಲಿ ಸೌಟು ಎಳೆದ ಗೆರೆ ಮುಚ್ಚದೆ ನಿಲ್ಲುತ್ತದೆ. ಉಪ್ಪುನೀರು ಒಂದು ಹನಿಯೂ ಒಳಗೆ ಬೀಳದಂತೆ ಪಾತ್ರೆಯ ಅಂಚು ಎತ್ತರದಲ್ಲಿರಲಿ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಪೇಟೆಂಟ್ ಪಡೆದ, ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರವೂ ಇದೇ ಉಪಾಯದ್ದು.

ಬಕೆಟ್ಟು, ಉಪ್ಪು ಬೇಡವೆನ್ನುವವರು ಮಿಶ್ರಣವನ್ನು ಜಿಪ್ ಚೀಲದಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮಲಗಿಸಿ ಹೆಪ್ಪುಗಟ್ಟಿಸಿ, ಮುರಿದು, ಫುಡ್ ಪ್ರೊಸೆಸರ್‌ನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಬಹುದು. ಹದವೂ ಚೆನ್ನಾಗಿ ಬರುತ್ತದೆ. ಅರ್ಧ ಗಂಟೆಗೊಮ್ಮೆ ಹೊರತೆಗೆದು ಫೋರ್ಕಿನಿಂದ ಕಲಕುವ ಪದ್ಧತಿಯಲ್ಲಿ ಶ್ರಮ ಬಹಳ, ಫಲ ಸಾಧಾರಣ.

ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಮೆತ್ತಗೆ ನೊರೆ ಬರುವಂತೆ ಬೀಟ್ ಮಾಡಿದ ಶೇ. 35ರ ಕ್ರೀಮ್ ಅರ್ಧ ಲೀಟರ್ ಬೆರೆಸಿ ನೇರ ಫ್ರೀಜರ್‌ಗಿಡುವ ವಿಧಾನ ಎಲ್ಲರಿಗೂ ಗೊತ್ತು. ಕಲಕದಿದ್ದರೂ ಅದು ನುಣ್ಣಗಾಗುವುದೇಕೆಂದರೆ ಅದರಲ್ಲಿ ನೀರು ಶೇ. 45ರಷ್ಟು ಮಾತ್ರ, ಗಾಳಿ ಮೊದಲೇ ಸೇರಿದೆ. ಆದರೆ ಕೊಬ್ಬು ಶೇ. 20 ದಾಟುತ್ತದೆ, ನಾಲಿಗೆಗೆ ಜಿಡ್ಡು ಮೆತ್ತಿಕೊಂಡು ಹಣ್ಣಿನ ರುಚಿ ಹಿಂದೆ ಸರಿಯುತ್ತದೆ. ಬತ್ತಿಸಿದ ಹಣ್ಣು ಅಥವಾ ನೀರು ಬಸಿದ ಮೊಸರು 150 ಗ್ರಾಂ ಸೇರಿಸಿದರೆ ಅದು ತಿನ್ನುವಂತಾಗುತ್ತದೆ. ಶೇ. 25ರ ಕ್ರೀಮ್ ಇಲ್ಲಿಗೆ ಆಗುವುದಿಲ್ಲ. ಕೊಬ್ಬು ಶೇ. 30 ಆದರೂ ಇಲ್ಲದಿದ್ದರೆ ಕ್ರೀಮ್ ನೊರೆಗಟ್ಟಿ ನಿಲ್ಲದು.

ತಿಂಗಳಿಗೆ ಎರಡು ಮೂರು ಸಲ ಮಾಡುವವರಾದರೆ ಮೆಷಿನ್ ಕೊಳ್ಳುವುದು ಸರಿ. ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಬಳಸುವ ಬಗೆಯದು ಮನೆಗೆ ಸಾಕು. ಬಟ್ಟಲು ಪೂರ್ತಿ 24 ಗಂಟೆ ಮೈನಸ್ 18ರಲ್ಲಿರಬೇಕು. ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಇನ್ನೂ ತಯಾರಾಗಿಲ್ಲ. ಮಿಶ್ರಣ 4 ಡಿಗ್ರಿಯಷ್ಟು ತಣ್ಣಗಿರಲಿ, ಮೊದಲು ಮೆಷಿನ್ ಚಾಲೂ ಮಾಡಿ ಆಮೇಲೆ ಸುರಿಯಿರಿ. 20ರಿಂದ 30 ನಿಮಿಷದಲ್ಲಿ ಮೈನಸ್ 5ರ ಹತ್ತಿರ ಬಂದು ಸಾಫ್ಟಿಯಂತಾಗುತ್ತದೆ. ಅದಕ್ಕಿಂತ ಗಟ್ಟಿಯಾಗಲೆಂದು ಮತ್ತೆ 20 ನಿಮಿಷ ತಿರುಗಿಸಿದರೆ ಬಟ್ಟಲು ಬಿಸಿಯೇರಲು ತೊಡಗಿ ಹರಳು ದೊಡ್ಡದಾಗುತ್ತದೆ, ಕೊಬ್ಬು ಕಡೆದು ಬೆಣ್ಣೆಯ ಸಣ್ಣ ಉಂಡೆಗಳಾಗುತ್ತವೆ. ಬಾದಾಮಿ, ಚಾಕಲೇಟ್ ತರಹದವನ್ನು ಕೊನೆಯ ಎರಡು ನಿಮಿಷದಲ್ಲಿ ಹಾಕಿ. ಚಾಕಲೇಟನ್ನು ತುಂಡಾಗಿ ಹಾಕಿದರೆ ತಂಪಿಗೆ ಮೇಣದಂತಾಗುತ್ತದೆ. ಒಂದು ಚಮಚ ಎಣ್ಣೆಯೊಂದಿಗೆ ಕರಗಿಸಿ, ಆರಿಸಿ, ಎಳೆಯಾಗಿ ಸುರಿಯಿರಿ.

ಈಗ ಫ್ರೋಜನ್ ಯೋಗರ್ಟ್. ಮೊಸರಿನಲ್ಲಿ ಶೇ. 87–88 ನೀರು, ಹಾಗಾಗಿ ಕಲ್ಲಾದದ್ದು ಸಹಜ. ಒಡೆದದ್ದಕ್ಕೆ ಕಾರಣ ಬೇರೆ. ಹಾಲಿನ ಪ್ರೋಟೀನು ಹುಳಿಗೆ ಆಗಲೇ ಹೆಪ್ಪಾಗಿ ಬಲೆಯಂತೆ ನಿಂತಿರುತ್ತದೆ. ಬಿಸಿ ತಾಗಿದರೆ ಆ ಬಲೆ ಮುದುಡಿ ನೀರನ್ನು ಹಿಂಡಿಹಾಕುತ್ತದೆ. ಉಳಿಯುವುದು ನೀವು ಕಂಡ ರವೆ. ಅದನ್ನು ಮತ್ತೆ ಕೂಡಿಸುವ ದಾರಿಯಿಲ್ಲ. ಆದ್ದರಿಂದ ಬಿಸಿ ಮಾಡಬೇಕಾದ್ದನ್ನೆಲ್ಲ ಮೊಸರಿನ ಹೊರಗೇ ಮುಗಿಸಿಕೊಳ್ಳಬೇಕು.

ಕೆನೆಭರಿತ ಹಾಲಿನ, ಹುಳಿ ಏರದ ಮೊಸರು ಒಂದು ಕಿಲೋ ತೆಗೆದುಕೊಂಡು ತೆಳುಬಟ್ಟೆಯಲ್ಲಿ ಕಟ್ಟಿ ಜರಡಿಯ ಮೇಲಿಡಿ. ಫ್ರಿಜ್‌ನಲ್ಲೇ ಆರರಿಂದ ಎಂಟು ಗಂಟೆ. ಹೊರಗಿಟ್ಟರೆ ಬಸಿಯುವಷ್ಟರಲ್ಲಿ ಹುಳಿ ಏರುತ್ತದೆ. 550 ಗ್ರಾಂ ಉಳಿದಾಗ ಹದ ಸರಿ. ಅದಕ್ಕಿಂತ ಹೆಚ್ಚು ಬಸಿದು ಬಿರುಸಾದರೆ ಬಸಿದ ನೀರನ್ನೇ ಎರಡು ಚಮಚ ಮರಳಿ ಸೇರಿಸಿ. ಇತ್ತ 100 ಗ್ರಾಂ ಕ್ರೀಮಿಗೆ 120 ಗ್ರಾಂ ಸಕ್ಕರೆ, 30 ಗ್ರಾಂ ಡೆಕ್ಸ್ಟ್ರೋಸ್ ಹಾಕಿ, ಸಕ್ಕರೆ ಕರಗುವಷ್ಟೇ ಬಿಸಿ ಮಾಡಿ, ಬೆರಳಿಗೆ ಬೆಚ್ಚಗೂ ಅನ್ನಿಸದಷ್ಟು ಆರಿಸಿ. ಮೊಸರಿಗೆ ಮೂರು ಸಲವಾಗಿ ಸೇರಿಸುತ್ತ ಕೈಬೀಟರಿನಿಂದ ಮೆಲ್ಲಗೆ ಕಲಸಿ. ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯ ಬಿರುಸಿಗೆ ಬಲೆ ಹರಿದು ಮೊಸರು ತೆಳ್ಳಗಾಗುತ್ತದೆ. ಈ ಅಳತೆಯಲ್ಲಿ ಸಿಹಿ ಶೇ. 18ರ ಮೇಲೆ ಬರುತ್ತದೆ. ಐಸ್‌ಕ್ರೀಮಿಗಿಂತ ಹೆಚ್ಚಲ್ಲವೇ ಎಂದರೆ ಹೌದು. ಇಲ್ಲಿ ಕೊಬ್ಬು ಶೇ. 9ರಷ್ಟೇ ಇದೆ, ಮೆದುತನದ ಹೊರೆ ಸಕ್ಕರೆಯ ಮೇಲೆ ಹೆಚ್ಚು ಬೀಳುತ್ತದೆ. ಮೊಸರಿನ ಹುಳಿ ಆ ಸಿಹಿಯನ್ನು ತೂಗಿಸಿಕೊಳ್ಳುತ್ತದೆ. ಮುಂದಿನದು ಐಸ್‌ಕ್ರೀಮಿನಂತೆಯೇ: ಎರಡು ಗಂಟೆ ತಣಿಸಿ, ಮೆಷಿನ್ ಅಥವಾ ಐಸು–ಉಪ್ಪು. ಮೊಸರಿನ ಜೀವಾಣುಗಳು ತಂಪಿಗೆ ಎಲ್ಲವೂ ಸಾಯುವುದಿಲ್ಲ. ಕೆಲವು ಕಡಿಮೆಯಾಗುತ್ತವೆ, ಉಳಿದವು ನಿದ್ದೆಯಲ್ಲಿರುತ್ತವೆ. ಅವುಗಳನ್ನು ನಿಜವಾಗಿ ಕೊಲ್ಲುವುದು ಬಿಸಿ.

ಹೆಪ್ಪುಗಟ್ಟಿದ ಕೂಡಲೇ, ಮೊದಲೇ ತಣ್ಣಗಾಗಿಸಿಟ್ಟ ಆಳವಿಲ್ಲದ ಡಬ್ಬಿಗೆ ತುಂಬಿ, ಬೆಣ್ಣೆಕಾಗದವನ್ನು ಮೇಲ್ಮೈಗೆ ಅಂಟುವಂತೆ ಒತ್ತಿ, ಮುಚ್ಚಳ ಹಾಕಿ ಫ್ರೀಜರ್‌ನ ಹಿಂಬದಿಯಲ್ಲಿ ನಾಲ್ಕರಿಂದ ಆರು ಗಂಟೆ ಇಡಿ. ಬಾಗಿಲ ಹತ್ತಿರ ಬೇಡ. ಬಾಗಿಲು ತೆರೆದಾಗಲೆಲ್ಲ, ಫ್ರಾಸ್ಟ್-ಫ್ರೀ ಫ್ರೀಜರ್ ತನ್ನ ಮಂಜು ಕರಗಿಸಿಕೊಳ್ಳುವಾಗಲೆಲ್ಲ ಉಷ್ಣತೆ ಏರಿಳಿಯುತ್ತದೆ. ಏರಿದಾಗ ಸಣ್ಣ ಹರಳು ಕರಗುತ್ತದೆ, ಇಳಿದಾಗ ಆ ನೀರು ದೊಡ್ಡ ಹರಳಿಗೆ ಹೋಗಿ ಅಂಟುತ್ತದೆ. ಮೊದಲ ದಿನ ಬೆಣ್ಣೆಯಂತಿದ್ದದ್ದು ಮೂರನೇ ವಾರ ತರಿತರಿಯಾಗುವುದು ಹೀಗೆ. ಮನೆಯದನ್ನು ಎರಡು ವಾರದೊಳಗೆ ಮುಗಿಸುವುದು ಒಳ್ಳೆಯದು.

ಬಡಿಸುವ 20 ನಿಮಿಷ ಮೊದಲು ಡಬ್ಬಿಯನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಮೈನಸ್ 12ರಿಂದ 14ರಲ್ಲಿ ರುಚಿಯೂ ಹದವೂ ಚೆನ್ನಾಗಿರುತ್ತವೆ. ಆಗಲೂ ಚಮಚ ಇಳಿಯದಿದ್ದರೆ ಮುಂದಿನ ಸಲ 10 ಗ್ರಾಂ ಸಕ್ಕರೆಯ ಬದಲು 10 ಗ್ರಾಂ ಡೆಕ್ಸ್ಟ್ರೋಸ್ ಹಾಕಿ. ತೀರಾ ಮೆತ್ತಗಾಗಿದ್ದರೆ ಅಷ್ಟನ್ನೇ ಹಿಂದಕ್ಕೆ ತೆಗೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು. ಹೊರಗೆ ಮರೆತು ಕರಗಿಹೋದದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ. ಗಾಳಿ ಹೋಗಿರುತ್ತದೆ, ಹರಳು ದೊಡ್ಡದಾಗುತ್ತದೆ, ಹಾಲಿನ ಪದಾರ್ಥ ಬೆಚ್ಚಗೆ ಕೂತದ್ದು ಹೊಟ್ಟೆಗೂ ಒಳ್ಳೆಯದಲ್ಲ. ಇನ್ನೂ ತಣ್ಣಗಿದ್ದರೆ ಅದಕ್ಕೆ ಒಂದು ಲೋಟ ಹಾಲು ಸೇರಿಸಿ ಆಗಲೇ ಮಿಲ್ಕ್‌ಶೇಕ್ ಮಾಡಿ ಕುಡಿಯಿರಿ.